ಬೀದಿಗೆ ಬಂದ ಚಿತ್ರ, ಬೀದಿಯವರ ಚಿತ್ರ

2015ರ ಜೂನ್‌ನಲ್ಲಿ ಬೆಂಗಳೂರಿನ ಸುಲ್ತಾನ್‌ಪಾಳ್ಯದ ನಡುರಸ್ತೆಯಲ್ಲಿ ಮೊಸಳೆಯೊಂದು ಕಾಣಿಸಿಕೊಂಡಿತು. ದಿನಗಟ್ಟಲೆ ಬಾಯಿ ತೆರೆದುಕೊಂಡು ಬಿದ್ದಿದ್ದ ರಸ್ತೆಗುಂಡಿ, ಅದರಲ್ಲಿ ನಿಂತ ನೀರು, ನೀರಿನಲ್ಲಿ ಮೊಸಳೆ. ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಲ್ಲಿ (ಕಾವಾ) ಕಲಿತ ಕಲಾವಿದ ಬಾದಲ್ ನಂಜುಂಡಸ್ವಾಮಿ ಆ ಗುಂಡಿಯನ್ನು ಕೊಳದಂತೆ ಮಾಡಿ, ಅದರೊಳಗೆ ನಿಜಗಾತ್ರದ ಮೊಸಳೆಯ ಪ್ರತಿಕೃತಿ ಇಟ್ಟಿದ್ದರು. ಸ್ಕೂಟರಿನವರು ಕಾಲೂರಿ ನಿಂತು ನೋಡಿದರು, ಫೋಟೊ ಊರೆಲ್ಲ ಸುತ್ತಿತು, ಪಾಲಿಕೆ ಬಂದು ಗುಂಡಿ ಮುಚ್ಚಿತು. 2019ರಲ್ಲಿ ಚಂದ್ರಯಾನ-2 ಚಂದ್ರನತ್ತ ಸಾಗಿದ್ದ ದಿನಗಳಲ್ಲಿ ಅದೇ ಕಲಾವಿದರು ಹೇರೋಹಳ್ಳಿಯ ಕಿತ್ತುಹೋದ ರಸ್ತೆಯ ಮೇಲೆ ಗಗನಯಾತ್ರಿಯ ಉಡುಪು ತೊಟ್ಟ ನಟನೊಬ್ಬನನ್ನು ನಡೆಸಿದರು. ವಿಡಿಯೊದಲ್ಲಿ ಚಂದ್ರನ ಮೇಲ್ಮೈಯಂತೆ ಕಂಡದ್ದು, ಪಕ್ಕದಲ್ಲಿ ಆಟೊ ಹಾದುಹೋದಾಗ, ನಮ್ಮದೇ ರಸ್ತೆ ಎಂದು ತಿಳಿಯಿತು. ಆ ರಸ್ತೆಯೂ ದುರಸ್ತಿಯಾಯಿತು.

ಈ ಎರಡು ಕೃತಿಗಳಿಗೆ ಟಿಕೆಟ್ ಇರಲಿಲ್ಲ, ಆಹ್ವಾನ ಪತ್ರಿಕೆ ಇರಲಿಲ್ಲ, ಉದ್ಘಾಟನೆಯ ದೀಪವೂ ಇರಲಿಲ್ಲ. ಆದರೂ ಅವು ನಗರದ ದೊಡ್ಡ ಗ್ಯಾಲರಿಗಳ ಎಷ್ಟೋ ಪ್ರದರ್ಶನಗಳಿಗಿಂತ ಹೆಚ್ಚು ಜನರನ್ನು ಮುಟ್ಟಿದವು. ಕಾರಣ ಸರಳ. ಆ ಗುಂಡಿಯಲ್ಲಿ ಬಿದ್ದೆದ್ದವರೇ ಆ ಕೃತಿಯ ಪ್ರೇಕ್ಷಕರಾಗಿದ್ದರು. ಅದು ಹೇಳಿದ್ದು ಅವರದೇ ಮಾತಾಗಿತ್ತು. ಕಲೆಯನ್ನು ಜನರ ಬಳಿಗೆ ಒಯ್ಯಬೇಕು ಎಂದು ಈಗ ಸರ್ಕಾರಗಳೂ ಸಂಸ್ಥೆಗಳೂ ಕಂಪನಿಗಳೂ ಹೇಳುತ್ತಿವೆ. ಮೇಲ್ಸೇತುವೆಯ ಕಂಬ, ಮೆಟ್ರೊ ನಿಲ್ದಾಣ, ಶಾಲೆಯ ಕಾಂಪೌಂಡು, ಎಲ್ಲ ಕಡೆ ಬಣ್ಣ ಏರುತ್ತಿದೆ. ಇದು ಸಂತೋಷದ ಸಂಗತಿ. ಆದರೆ ಗೋಡೆಗೆ ಬಣ್ಣ ಬಂದ ಮಾತ್ರಕ್ಕೆ ಕಲೆ ಸಾರ್ವಜನಿಕವಾಗುವುದಿಲ್ಲ. ಆ ಬೀದಿಯವರಿಗೆ ಅದರಲ್ಲಿ ಪಾಲು ಇರಬೇಕು, ಬಣ್ಣ ಮಾಸಿದ ಮೇಲೂ ಅದನ್ನು ನೋಡಿಕೊಳ್ಳುವವರು ಇರಬೇಕು. ಬೆಂಗಳೂರಿನ ಅನುಭವವನ್ನೇ ಎದುರಿಗಿಟ್ಟುಕೊಂಡು ಈ ಮಾತನ್ನು ಸ್ವಲ್ಪ ಬಿಡಿಸಿ ನೋಡಬಹುದು.

ಹೊರಗೋಡೆಯ ಪರಂಪರೆ

ಕಲೆಯನ್ನು ಕಟ್ಟಡದ ಒಳಗಿಟ್ಟು ಬಾಗಿಲು ಹಾಕಿಕೊಳ್ಳುವುದು ನಮ್ಮಲ್ಲಿ ಹಳೆಯ ರೂಢಿಯೇನಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಅತ್ಯುತ್ತಮ ಶಿಲ್ಪವೆಲ್ಲ ಇರುವುದು ಹೊರಗೋಡೆಯ ಮೇಲೆ. ಜಗತಿಯ ಮೇಲೆ ಪ್ರದಕ್ಷಿಣೆ ಹೊರಟರೆ ಕೆಳಗಿನ ಪಟ್ಟಿಕೆಯಲ್ಲಿ ಆನೆಗಳ ಸಾಲು, ಅದರ ಮೇಲೆ ಸಿಂಹ, ಬಳ್ಳಿ, ಕುದುರೆ ಸವಾರರು, ಅದಕ್ಕೂ ಮೇಲೆ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು. ನಡೆಯುತ್ತ ನಡೆಯುತ್ತ ಕಥೆ ಬಿಚ್ಚಿಕೊಳ್ಳುತ್ತದೆ. ಅಕ್ಷರ ಬಾರದವರಿಗೂ ಚಕ್ರವ್ಯೂಹದ ಕಥೆ ಕಲ್ಲಿನಲ್ಲಿ ಕಾಣುವಂತೆ ಶಿಲ್ಪಿಗಳು ಅದನ್ನು ಜೋಡಿಸಿದ್ದಾರೆ. ಇನ್ನೊಂದು ಗಮನಿಸಬೇಕಾದ ವಿಷಯ, ಹೊಯ್ಸಳ ಶಿಲ್ಪಿಗಳು ತಮ್ಮ ಹೆಸರು ಕೆತ್ತಿದರು. ಬೇಲೂರಿನಲ್ಲಿ ಬಳ್ಳಿಗಾವಿಯ ದಾಸೋಜ ಮತ್ತು ಅವನ ಮಗ ಚಾವಣ, ಸೋಮನಾಥಪುರದಲ್ಲಿ ಮಲ್ಲಿತಮ್ಮ, ಇವರ ಹೆಸರುಗಳನ್ನು ಇಂದಿಗೂ ಪೀಠದ ಮೇಲೆ ಓದಬಹುದು. ಎಲ್ಲ ಜಾತಿಯವರಿಗೂ ಆ ಪ್ರದಕ್ಷಿಣೆಯ ಹಾದಿ ತೆರೆದಿರಲಿಲ್ಲ ಎಂಬುದನ್ನೂ ಮರೆಯುವಂತಿಲ್ಲ. ಯಾರಿಗೆ ನೋಡುವ ಹಕ್ಕಿದೆ ಎಂಬ ಪ್ರಶ್ನೆ ಸಾರ್ವಜನಿಕ ಕಲೆಗೆ ಅಂದಿನಿಂದಲೇ ಅಂಟಿಕೊಂಡಿದೆ.

ಅರಮನೆ, ದೇವಾಲಯದ ಆಚೆಗೂ ಗೋಡೆಯ ಚಿತ್ರ ಇತ್ತು. ಮಲೆನಾಡಿನ ದೀವರ ಹೆಣ್ಣುಮಕ್ಕಳು ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿಯಲ್ಲಿ, ಪುಂಡಿನಾರಿನ ಕುಂಚದಲ್ಲಿ ಹಸೆ ಚಿತ್ತಾರ ಬರೆಯುತ್ತಾರೆ. ಮದುವೆ ಮನೆಯ ಗೋಡೆಯ ಮೇಲೆ ಊರಿನವರೆಲ್ಲ ಬಂದು ನೋಡುವ ಕಲೆ ಅದು. ನಗರದಲ್ಲಿ ಆ ಜಾಗ ತುಂಬಿದ್ದು ಸಿನಿಮಾ. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಚಿತ್ರಮಂದಿರಗಳ ಎದುರು ಆಳೆತ್ತರವನ್ನೂ ಮೀರಿ, ಕಟ್ಟಡದ ಎತ್ತರಕ್ಕೆ ಕಟೌಟುಗಳು ನಿಲ್ಲುತ್ತಿದ್ದವು. ರಾಜಕುಮಾರ್ ಅವರ ಕಟೌಟಿಗೆ ಅಭಿಮಾನಿಗಳು ಹಾರ ಏರಿಸುತ್ತಿದ್ದರು. ಆ ಮುಖಗಳನ್ನು ಬರೆದವರಲ್ಲಿ ಹೆಚ್ಚಿನವರು ಯಾವ ಕಲಾಶಾಲೆಯಲ್ಲೂ ಓದಿದವರಲ್ಲ. ಸಣ್ಣ ಫೋಟೊ ಒಂದರ ಮೇಲೆ ಚೌಕ ಎಳೆದು, ಅದೇ ಲೆಕ್ಕದಲ್ಲಿ ದೊಡ್ಡ ಬಟ್ಟೆಯ ಮೇಲೂ ಚೌಕ ಹಾಕಿ, ಒಂದೊಂದೇ ಚೌಕ ತುಂಬಿಸುತ್ತ ಹೋಗುವ ಕೈಚಳಕ ಗುರುವಿನಿಂದ ಶಿಷ್ಯನಿಗೆ ಬಂದಿತ್ತು. ಹತ್ತಿರ ನಿಂತರೆ ಬರಿಯ ಬಣ್ಣದ ರಾಶಿ, ರಸ್ತೆಯಾಚೆಯಿಂದ ನೋಡಿದರೆ ನಗುವ ಮುಖ. ಕಂಪ್ಯೂಟರಿನಲ್ಲಿ ಮುದ್ರಿಸುವ ಫ್ಲೆಕ್ಸ್ ಬಂದ ಮೇಲೆ ಆ ಕೈಗಳಿಗೆ ಕೆಲಸ ತಪ್ಪಿತು.

ಒಂದು ದಿನದ ಸಂತೆ

ಗ್ಯಾಲರಿಯ ಹೊಸ್ತಿಲು ದಾಟಲು ಬಹಳ ಜನ ಹಿಂಜರಿಯುತ್ತಾರೆ. ಗಾಜಿನ ಬಾಗಿಲು, ಒಳಗಿನ ಮೌನ, ಬಾಗಿಲಲ್ಲಿ ಕುಳಿತ ಕಾವಲುಗಾರ. ಒಳಗೆ ಹೋದರೆ ಏನು ಕೇಳುತ್ತಾರೋ, ಅರ್ಥವಾಗದಿದ್ದರೆ ಏನು ಮಾಡುವುದೋ ಎಂಬ ಅಳುಕು. ಈ ಅಳುಕನ್ನು ಕಳೆಯಲು ಕರ್ನಾಟಕ ಚಿತ್ರಕಲಾ ಪರಿಷತ್ತು ಕಂಡುಕೊಂಡ ದಾರಿ ಚಿತ್ರಸಂತೆ. 1960ರಲ್ಲಿ ಹುಟ್ಟಿ, ಎಂ.ಎಸ್. ನಂಜುಂಡರಾವ್ ಅವರಂಥವರ ದುಡಿಮೆಯಿಂದ ಬೆಳೆದ ಈ ಸಂಸ್ಥೆ ಎರಡು ದಶಕಗಳಿಂದ ವರ್ಷಕ್ಕೊಂದು ಭಾನುವಾರ ತನ್ನೆದುರಿನ ಕುಮಾರಕೃಪಾ ರಸ್ತೆಯನ್ನೇ ಪ್ರದರ್ಶನದ ಅಂಗಳ ಮಾಡುತ್ತಿದೆ. ಸಾಮಾನ್ಯವಾಗಿ ಜನವರಿಯ ಮೊದಲ ವಾರಗಳಲ್ಲಿ ನಡೆಯುವ ಈ ಸಂತೆಗೆ ದೇಶದ ಹಲವು ರಾಜ್ಯಗಳಿಂದ ಸಾವಿರಕ್ಕೂ ಹೆಚ್ಚು ಕಲಾವಿದರು ಬರುತ್ತಾರೆ. ಅಂದು ಆ ರಸ್ತೆಯಲ್ಲಿ ವಾಹನ ಇಲ್ಲ. ಫುಟ್‌ಪಾತ್, ಮರದ ಬುಡ, ಕಾಂಪೌಂಡಿನ ಕಂಬಿ, ಎಲ್ಲಿ ಆಸರೆ ಸಿಕ್ಕರೆ ಅಲ್ಲಿ ಚಿತ್ರ.

ಅಲ್ಲಿ ನಡೆಯುವ ಮಾತುಕತೆ ಗ್ಯಾಲರಿಯಲ್ಲಿ ನಡೆಯುವಂಥದ್ದಲ್ಲ. ಕೈಚೀಲ ಹಿಡಿದ ತಾಯಿಯೊಬ್ಬರು ಗದ್ದೆಯ ಚಿತ್ರದ ಮುಂದೆ ನಿಂತು "ಇದನ್ನ ನೀನೇ ಬರ್ದಿದ್ದೇನಪ್ಪಾ?" ಎಂದು ಕೇಳುತ್ತಾರೆ. "ಹೂಂ ಅಮ್ಮಾ, ನಮ್ಮೂರೇ ಅದು, ಹಾವೇರಿ ಹತ್ರ" ಎಂದು ಹುಡುಗ ಹೇಳುತ್ತಾನೆ. ಆಮೇಲೆ ಮಳೆ, ಬೆಳೆ, ಊರಿನ ಮಾತು. ಕೊನೆಗೆ ಬೆಲೆಯ ಮಾತು. ಕೆಲವೊಮ್ಮೆ ವ್ಯಾಪಾರ ಕುದುರುತ್ತದೆ, ಕೆಲವೊಮ್ಮೆ ಇಲ್ಲ. ಆದರೆ ಚಿತ್ರ ಬರೆಯುವವನೂ ತನ್ನಂಥ ಮನುಷ್ಯ, ಅವನಿಗೂ ಊರು, ಕಷ್ಟ, ಲೆಕ್ಕಾಚಾರ ಇವೆ ಎಂಬ ತಿಳಿವಳಿಕೆ ಆ ತಾಯಿಯ ಜೊತೆ ಮನೆಗೆ ಹೋಗುತ್ತದೆ. ನೂರಿನ್ನೂರು ರೂಪಾಯಿಯ ಪುಟ್ಟ ಚಿತ್ರದಿಂದ ಲಕ್ಷದ ಕ್ಯಾನ್ವಾಸಿನವರೆಗೆ ಒಂದೇ ಬಿಸಿಲಿನಲ್ಲಿ ನಿಂತಿರುವುದು ಚಿತ್ರಸಂತೆಯ ದೊಡ್ಡತನ. ಒಂದೇ ದಿನದಲ್ಲಿ ಮುಗಿದುಹೋಗುವುದು ಅದರ ಮಿತಿ. ಸೋಮವಾರ ಆ ರಸ್ತೆ ಮತ್ತೆ ವಾಹನಗಳ ರಸ್ತೆ.

ಮೆಟ್ರೊ ಹಾದಿಯಲ್ಲಿ

ವರ್ಷಪೂರ್ತಿ ಉಳಿಯುವ ಜಾಗ ಬೇಕೆಂದರೆ ಜನ ದಿನಾ ಓಡಾಡುವ ಕಡೆ ಹೋಗಬೇಕು. ಸ್ವೀಡನ್ನಿನ ಸ್ಟಾಕ್‌ಹೋಮ್ ನಗರ ಇದನ್ನು 1957ರಲ್ಲೇ ಆರಂಭಿಸಿತು. ಅಲ್ಲಿಯ ಸುಮಾರು ನೂರು ಮೆಟ್ರೊ ನಿಲ್ದಾಣಗಳ ಪೈಕಿ 90ಕ್ಕೂ ಹೆಚ್ಚು ಕಡೆ ಶಿಲ್ಪ, ಚಿತ್ರ, ಮೊಸಾಯಿಕ್‌ಗಳಿವೆ. ಬಂಡೆ ಕೊರೆದ ಸುರಂಗವನ್ನು ಹಾಗೆಯೇ ಬಿಟ್ಟು ಅದರ ಮೇಲೆಯೇ ಬಣ್ಣ ಹಚ್ಚಿದ ನಿಲ್ದಾಣಗಳೂ ಇವೆ. ರೈಲಿನ ಟಿಕೆಟ್ಟೇ ಅಲ್ಲಿ ಪ್ರದರ್ಶನದ ಟಿಕೆಟ್.

ಬೆಂಗಳೂರಿಗೆ ಮೆಟ್ರೊ ಬಂದದ್ದು 2011ರಲ್ಲಿ. ಅದಕ್ಕಾಗಿ ಎಂ.ಜಿ. ರಸ್ತೆಯ ಪ್ರೀತಿಯ ಬುಲೆವಾರ್ಡ್ ಮತ್ತು ಅದರ ಮರಗಳನ್ನು ನಗರ ಕಳೆದುಕೊಂಡಿತು. ಮರು ನಿರ್ಮಾಣಗೊಂಡ ಆ ಜಾಗದಲ್ಲಿ 2013ರಲ್ಲಿ ರಂಗೋಲಿ ಮೆಟ್ರೊ ಕಲಾ ಕೇಂದ್ರ ತೆರೆಯಿತು. ಪ್ರದರ್ಶನಕ್ಕೆ ಗ್ಯಾಲರಿ, ನಾಟಕ-ಸಂಗೀತಕ್ಕೆ ಪುಟ್ಟ ಸಭಾಂಗಣ, ಮಕ್ಕಳಿಗೊಂದು ಜಾಗ ರೈಲಿನ ಹಳಿಯ ಕೆಳಗೇ ಸಿಕ್ಕವು. ಕಳೆದುಕೊಂಡ ನೆರಳಿಗೆ ಇದು ಸಮನಲ್ಲ, ಆದರೆ ಸಾರಿಗೆ ಸಂಸ್ಥೆಯೊಂದು ಕಲೆಗೆ ಜಾಗ ಕೊಡಬಹುದು ಎಂಬ ಮೇಲ್ಪಂಕ್ತಿ ಇದರಿಂದ ಬಿತ್ತು. ಸೃಷ್ಟಿ ಕಲಾ ಸಂಸ್ಥೆಯ ವಿದ್ಯಾರ್ಥಿಗಳು, ಶಿಕ್ಷಕರು ಮೆಟ್ರೊ ನಿಗಮದ ಜೊತೆ ಸೇರಿ ನಡೆಸಿದ ‘ಆರ್ಟ್ ಇನ್ ಟ್ರಾನ್ಸಿಟ್’ ಯೋಜನೆ ಪೀಣ್ಯ ನಿಲ್ದಾಣದಲ್ಲೂ ಬಳಿಕ ಕಬ್ಬನ್ ಪಾರ್ಕ್ ನೆಲದಡಿ ನಿಲ್ದಾಣದಲ್ಲೂ ಗೋಡೆಗಳಿಗೆ ಚಿತ್ರ ತಂದಿತು.

ಪೀಣ್ಯದ ಹೆಸರು ಇಲ್ಲಿ ಮುಖ್ಯ. ಅದು ಕಾರ್ಖಾನೆಗಳ ಬಡಾವಣೆ. ಪಾಳಿ ಮುಗಿಸಿ ದಣಿದು ಬರುವ ಕಾರ್ಮಿಕರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಓಡಾಡುವ ಜಾಗ. ಎಂ.ಜಿ. ರಸ್ತೆಗೆ ಕಲೆ ತರುವುದು ಸುಲಭ, ಅಲ್ಲಿ ಮೊದಲೇ ಗ್ಯಾಲರಿಗಳಿವೆ, ನೋಡುವ ರೂಢಿ ಇರುವವರಿದ್ದಾರೆ. ಪೀಣ್ಯಕ್ಕೆ ತರುವಾಗ ಮಾತ್ರ ಕಲಾವಿದನೂ ಕೇಳಿಕೊಳ್ಳಬೇಕಾಗುತ್ತದೆ: ಇಲ್ಲಿ ಯಾರಿದ್ದಾರೆ, ಅವರ ದಿನ ಹೇಗಿರುತ್ತದೆ, ರೈಲು ಬರುವ ನಾಲ್ಕಾರು ನಿಮಿಷದಲ್ಲಿ ಅವರ ಕಣ್ಣಿಗೆ ನಾನು ಏನು ಕೊಡಬಲ್ಲೆ? ಈ ಪ್ರಶ್ನೆಗಳಿಂದಲೇ ಒಳ್ಳೆಯ ಸಾರ್ವಜನಿಕ ಕಲೆ ಹುಟ್ಟುತ್ತದೆ.

ಗೋಡೆ ಯಾರದು?

2009ರ ಸುಮಾರಿಗೆ ಆಗಿನ ಮಹಾನಗರ ಪಾಲಿಕೆ ಬಿಬಿಎಂಪಿ ನಗರದ ಗೋಡೆಗಳ ಮೇಲೆ ಚಿತ್ರ ಬರೆಸತೊಡಗಿತು. ಆ ಕೆಲಸಕ್ಕೆ ಬಂದವರಲ್ಲಿ ಫ್ಲೆಕ್ಸ್‌ನಿಂದ ಕೆಲಸ ಕಳೆದುಕೊಂಡಿದ್ದ ಸಿನಿಮಾ ಬ್ಯಾನರ್ ಕಲಾವಿದರೂ ಇದ್ದರು. ಹಂಪಿಯ ಕಲ್ಲಿನ ರಥ, ಜೋಗದ ಜಲಪಾತ, ಗೋಳಗುಮ್ಮಟ, ಯಕ್ಷಗಾನದ ವೇಷ, ಹುಲಿ, ಆನೆ, ಇವೆಲ್ಲ ರಸ್ತೆಬದಿಯ ಗೋಡೆಗಳಿಗೆ ಬಂದವು. ವಿಷಯಗಳು ಪ್ರವಾಸಿ ಕ್ಯಾಲೆಂಡರಿನವು, ಹೊಸತೇನೂ ಇಲ್ಲ ಎಂದು ಕಲಾ ವಿಮರ್ಶಕರು ಆಕ್ಷೇಪಿಸಬಹುದು. ಆ ಆಕ್ಷೇಪದಲ್ಲಿ ಹುರುಳಿದೆ. ಆದರೆ ನಿಂತುಹೋಗಿದ್ದ ಕುಂಚಕ್ಕೆ ಮತ್ತೆ ಕೂಲಿ ಸಿಕ್ಕಿತು, ಹತ್ತಡಿ ಹುಲಿಯನ್ನು ಕಣ್ಣಳತೆಯಲ್ಲೇ ತಪ್ಪಿಲ್ಲದೆ ನಿಲ್ಲಿಸಬಲ್ಲವರು ಇನ್ನೂ ನಮ್ಮ ನಡುವೆ ಇದ್ದಾರೆಂದು ಊರಿಗೆ ಗೊತ್ತಾಯಿತು. ಅವರಿಗೆ ಹೊಸ ವಿಷಯ ಕೊಟ್ಟು, ಕಲಾಶಾಲೆಯ ಯುವಕರ ಜೊತೆ ಕೂರಿಸಿದ್ದರೆ ಇನ್ನೂ ಏನೆಲ್ಲ ಬರಬಹುದಿತ್ತು ಎಂದು ನನಗೆ ಅನ್ನಿಸುತ್ತಲೇ ಇರುತ್ತದೆ.

ಗೋಡೆಯ ಚಿತ್ರ ಹೊರಗಿನಿಂದ ಕಂಡಷ್ಟು ಹಗುರದ ಕೆಲಸವಲ್ಲ. ಮೊದಲು ಹಳೆಯ ಪೋಸ್ಟರು, ಏಳುತ್ತಿರುವ ಸುಣ್ಣ ಎಲ್ಲವನ್ನೂ ಕೆರೆದು ತೊಳೆಯಬೇಕು. ಗೋಡೆಯೊಳಗೆ ನೀರಿನ ಪಸೆ ಇದ್ದರೆ ಎಷ್ಟು ದುಬಾರಿ ಬಣ್ಣ ಹಚ್ಚಿದರೂ ಒಂದೇ ಮಳೆಗಾಲಕ್ಕೆ ಹೊಪ್ಪಳೆ ಏಳುತ್ತದೆ. ಬಿರುಕು ಮುಚ್ಚಿ, ಪ್ರೈಮರ್ ಹೊಡೆದು, ಒಣಗಿದ ಮೇಲೆ ಸಾರುವೆ ಕಟ್ಟಿ ಹತ್ತಬೇಕು. ಮೇಲೆ ಹತ್ತಿದವನಿಗೆ ತಾನು ಬರೆಯುತ್ತಿರುವ ಕಣ್ಣು ಮಾತ್ರ ಕಾಣುತ್ತದೆ, ಇಡೀ ಮುಖ ಕಾಣುವುದಿಲ್ಲ. ಹಾಗಾಗಿ ಆಗಾಗ ಇಳಿದು, ರಸ್ತೆ ದಾಟಿ, ನೋಡಿ, ಮತ್ತೆ ಹತ್ತಬೇಕು. ಪಶ್ಚಿಮಕ್ಕೆ ಮುಖ ಮಾಡಿದ ಗೋಡೆಯ ಮೇಲೆ ಸಂಜೆ ಬಿಸಿಲಿಗೆ ಬಣ್ಣ ಬೇಗ ಸೋಲುತ್ತದೆ. ಇದೆಲ್ಲದರ ನಡುವೆ ಕೆಳಗಿನಿಂದ ಪ್ರಶ್ನೆಗಳು ಬರುತ್ತಲೇ ಇರುತ್ತವೆ: ಇದು ಯಾರು, ಎಷ್ಟು ಕೊಡ್ತಾರೆ, ನಮ್ಮನೆ ಗೋಡೆಗೂ ಬರೀತೀರಾ? ಬೀದಿಯಲ್ಲಿ ಬರೆಯುವವರಿಗೆ ಈ ಪ್ರಶ್ನೆಗಳು ಅಡ್ಡಿಯಾಗಬಾರದು. ಅವೇ ಅವರ ಕೃತಿಗೆ ಸಿಗುವ ಮೊದಲ ವಿಮರ್ಶೆ.

ಈ ಪ್ರಶ್ನೆಗಳನ್ನೇ ಕೆಲಸದ ಬುನಾದಿ ಮಾಡಿಕೊಂಡವರೂ ಇದ್ದಾರೆ. ಪೂರ್ಣಿಮಾ ಸುಕುಮಾರ್ 2016ರಲ್ಲಿ ಬೆಂಗಳೂರಿನಲ್ಲಿ ಆರಂಭಿಸಿದ ಅರವಾಣಿ ಆರ್ಟ್ ಪ್ರಾಜೆಕ್ಟ್‌ನಲ್ಲಿ ಲಿಂಗತ್ವ ಅಲ್ಪಸಂಖ್ಯಾತ ಮಹಿಳೆಯರೇ ಕುಂಚ ಹಿಡಿಯುತ್ತಾರೆ. ಸಿಗ್ನಲ್ಲಿನಲ್ಲಿ ಗಾಜು ಏರಿಸಿಕೊಂಡು ಜನ ಮುಖ ತಿರುಗಿಸುವ ಅದೇ ನಗರದಲ್ಲಿ, ಮಾರುಕಟ್ಟೆಯ ಗೋಡೆಯೆದುರು ಹಗಲಿಡೀ ನಿಂತು ಅವರು ತಮ್ಮಂಥವರದೇ ದೊಡ್ಡ ಮುಖಗಳನ್ನು ಬರೆದರು. ಹೂವಿನ ವ್ಯಾಪಾರಿ, ಗಾಡಿ ತಳ್ಳುವವನು, ಪೊಲೀಸ್ ಪೇದೆ ಮೊದಲ ಬಾರಿಗೆ ಅವರನ್ನು ಕೆಲಸ ಮಾಡುವವರಾಗಿ ಕಂಡರು. ಇಂಥ ಕಡೆ ಚಿತ್ರ ಬರೆಯುವ ದಿನಗಳು ಬರೆದು ಮುಗಿದ ಚಿತ್ರದಷ್ಟೇ ಬೆಲೆಯುಳ್ಳವು. 2024ರಲ್ಲಿ ಇದೇ ತಂಡದ ಕೃತಿ ವೆನಿಸ್ ಬಿಯೆನಾಲೆಯಲ್ಲಿ ಕಾಣಿಸಿಕೊಂಡಿತು. ಬೀದಿ ಗೋಡೆಯಿಂದ ಹೊರಟವರು ಜಗತ್ತಿನ ದೊಡ್ಡ ಕಲಾಮೇಳಕ್ಕೆ ಹೋದರು ಎಂಬುದು ಹೆಮ್ಮೆಯ ಮಾತು.

ಬೆಂಗಳೂರಿನ ಆಚೆಗೂ ಇಂಥ ಕೆಲಸ ನಡೆದಿದೆ. ದೆಹಲಿಯ ಲೋಧಿ ಕಾಲೊನಿಯಲ್ಲಿ ಸ್ಟಾರ್ಟ್ ಇಂಡಿಯಾ ಫೌಂಡೇಶನ್ 2015ರಿಂದ ಸರ್ಕಾರಿ ವಸತಿಗೃಹಗಳ ಎತ್ತರದ ಗೋಡೆಗಳನ್ನು ದೇಶವಿದೇಶದ ಕಲಾವಿದರಿಗೆ ಒಪ್ಪಿಸಿತು. ಚೆನ್ನೈಯಲ್ಲಿ ಅದೇ ಸಂಸ್ಥೆ ಕಣ್ಣಗಿ ನಗರಕ್ಕೆ ಹೋಯಿತು. ನಗರದ ನಡುವಿನಿಂದ ಎಬ್ಬಿಸಿ ಹೊರವಲಯಕ್ಕೆ ಸಾಗಿಸಲಾದ ಬಡ ಕುಟುಂಬಗಳ ಬಡಾವಣೆ ಅದು. ಆ ವಿಳಾಸ ಹೇಳಿದರೆ ಕೆಲಸ ಸಿಗುವುದೂ ಕಷ್ಟ ಎಂಬ ಅಪಖ್ಯಾತಿ ಹೊತ್ತಿತ್ತು. ಗೋಡೆಗೆ ಬಂದ ಮುಖಗಳಿಂದ ಆ ಊರು ಬೇರೆ ಕಾರಣಕ್ಕೆ ಸುದ್ದಿಯಾಯಿತು. ಆದರೆ ಚಿತ್ರ ಬಂದ ಮೇಲೆ ಅಲ್ಲಿಗೆ ನೀರು, ಬಸ್ಸು, ಶಾಲೆಯೂ ಸರಿಯಾಗಿ ಬರಬೇಕು. ಇಲ್ಲದಿದ್ದರೆ ಬಣ್ಣವು ಬಡತನದ ಮೇಲೆ ಎಳೆದ ಪರದೆಯಾಗುತ್ತದೆ. ಸುಲ್ತಾನ್‌ಪಾಳ್ಯದ ಮೊಸಳೆ ಕೊರತೆಯನ್ನು ತೋರಿಸಿತ್ತು, ಮುಚ್ಚಿರಲಿಲ್ಲ.

ಬಣ್ಣ ಮಾಸಿದ ಮೇಲೆ

ನಗರದ ಗೋಡೆಗೆ ಹಕ್ಕುದಾರರು ಅನೇಕರು. ರಾಜಕೀಯ ಪಕ್ಷದ ಪೋಸ್ಟರು, ಪೈಲ್ಸ್ ಚಿಕಿತ್ಸೆಯ ಜಾಹೀರಾತು, ಎಲೆಅಡಿಕೆ ಉಗುಳು, ಮೂತ್ರ. ಬಹಿರಂಗ ಸ್ಥಳಗಳನ್ನು ವಿರೂಪಗೊಳಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರಿಂದಲೇ ಕಾಯ್ದೆಯಿದೆ. 2018ರಲ್ಲಿ ಹೈಕೋರ್ಟ್ ಗದರಿದ ಮೇಲೆ ಬೆಂಗಳೂರಿನಲ್ಲಿ ಅಕ್ರಮ ಫ್ಲೆಕ್ಸ್‌ಗಳನ್ನು ಸಾವಿರಗಟ್ಟಲೆ ಕಿತ್ತರು, ಆಕಾಶ ಸ್ವಲ್ಪ ಕಂಡಿತು. ಕಾಯ್ದೆಯಿಂದ ಆಗದ್ದನ್ನು ದೇವರಿಂದ ಮಾಡಿಸುವ ಉಪಾಯವೂ ಇದೆ: ಗೋಡೆಗೆ ಗಣೇಶ, ಏಸು, ಮೆಕ್ಕಾದ ಚಿತ್ರವಿರುವ ಟೈಲ್ಸ್ ಅಂಟಿಸುವುದು. ಭಯದಿಂದ ಗೋಡೆ ಕಾಯುವ ಈ ಕ್ರಮ ನನಗೆ ಒಪ್ಪಿಗೆಯಿಲ್ಲ. ದೇವರಿಗೂ ಗೋಡೆಗೂ ಅದರಿಂದ ಗೌರವ ಬರುವುದಿಲ್ಲ. ‘ದಿ ಅಗ್ಲಿ ಇಂಡಿಯನ್’ ಹೆಸರಿನಲ್ಲಿ 2010ರಿಂದ ಕೆಲಸ ಮಾಡುತ್ತಿರುವ, ಹೆಸರು ಹೇಳಿಕೊಳ್ಳದ ನಾಗರಿಕರು ಬೇರೆ ದಾರಿ ಹಿಡಿದರು. ಕಸದ ಮೂಲೆಯನ್ನು ತಾವೇ ಗುಡಿಸಿ, ಗೋಡೆಯ ಕೆಳಭಾಗಕ್ಕೆ ಕಾವಿ ಬಣ್ಣ ಬಳಿದು, ಮೇಲ್ಸೇತುವೆಯ ಕಂಬಗಳ ಮೇಲೆ ತ್ರಿಕೋನದ ವಿನ್ಯಾಸ ತುಂಬಿಸಿದರು. ಬಳಿದವರು ಅದೇ ಬೀದಿಯವರಾದ್ದರಿಂದ ಆ ಗೋಡೆಯನ್ನು ಕಾಯುವ ಕಣ್ಣುಗಳೂ ಅಲ್ಲೇ ಇದ್ದವು.

ನಮ್ಮ ಯೋಜನೆಗಳಲ್ಲಿ ಬಿಟ್ಟುಹೋಗುವುದು ಈ ಕಾಯುವ ಕೆಲಸವೇ. ಬರೆಸುವುದಕ್ಕೆ ಹಣ ಇರುತ್ತದೆ, ಉದ್ಘಾಟನೆಗೆ ಗಣ್ಯರಿರುತ್ತಾರೆ. ಐದು ವರ್ಷದ ನಂತರ ಕೇಬಲ್ ಹಾಕಲು ಗೋಡೆ ಕೊರೆದಾಗ, ಆನೆಯ ಸೊಂಡಿಲಿನ ಮೇಲೆ ಟ್ಯೂಷನ್ ಪೋಸ್ಟರು ಬಿದ್ದಾಗ ಕೇಳುವವರಿಲ್ಲ. ಅಮೆರಿಕದ ಫಿಲಡೆಲ್ಫಿಯ ನಗರ 1984ರಿಂದ ಗೋಡೆಚಿತ್ರಗಳನ್ನು ಬರೆಸುತ್ತಿದೆ. ಅಲ್ಲಿ ಈವರೆಗೆ ನಾಲ್ಕು ಸಾವಿರಕ್ಕೂ ಹೆಚ್ಚು ಚಿತ್ರಗಳಾಗಿವೆ. ಏನು ಬರೆಯಬೇಕೆಂದು ಕೇರಿಯವರೊಂದಿಗೆ ಕೂತು ಮಾತಾಡುವುದು, ಹಳೆಯ ಚಿತ್ರಗಳನ್ನು ದುರಸ್ತಿ ಮಾಡುವುದು, ಎರಡೂ ಅಲ್ಲಿ ಕಾರ್ಯಕ್ರಮದ ಭಾಗ.

ಪಾಠಕ್ಕೆ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಮನೆಯಂಗಳದ ರಂಗೋಲಿ ದಿನವೂ ತುಳಿತಕ್ಕೆ ಅಳಿಯುತ್ತದೆ, ಮರುದಿನ ನೀರು ಚಿಮುಕಿಸಿ, ಗುಡಿಸಿ, ಮತ್ತೆ ಇಡುತ್ತಾರೆ. ಅದು ಅಳಿಯಿತೆಂದು ಯಾರೂ ದೂರುವುದಿಲ್ಲ. ಅಂಗಳ ತಮ್ಮದು ಎಂಬ ಭಾವ ಇರುವುದರಿಂದ ಮತ್ತೆ ಇಡುವ ಕೈ ಅಲ್ಲೇ ಇರುತ್ತದೆ. ನಗರದ ಗೋಡೆಗೂ ಬೇಕಾಗಿರುವುದು ಇಂಥ ಕೈ.

ಮಾಡಬೇಕಾದ್ದು

ಬಿಬಿಎಂಪಿಯ ಜಾಗದಲ್ಲಿ ಈಗ ಐದು ಪಾಲಿಕೆಗಳು ಬಂದಿವೆ. ಹೊಸ ಆಡಳಿತ ತನ್ನ ಲೆಕ್ಕಪುಸ್ತಕ ತೆರೆಯುವ ಹೊತ್ತು ಇದು. ಆದ್ದರಿಂದ ಕೆಲವು ಮಾತುಗಳನ್ನು ಸ್ಪಷ್ಟವಾಗಿ ಕೇಳಬೇಕು. ಒಂದು, ಜನ ಕಾಯುವ ಜಾಗಗಳಿಗೆ ಕಲೆ ಹೋಗಲಿ. ವಿಮಾನ ನಿಲ್ದಾಣಕ್ಕೆ ಸಿಗುವ ಗಮನದಲ್ಲಿ ಒಂದು ಪಾಲು ಮೆಜೆಸ್ಟಿಕ್‌ನ ಬಸ್ ನಿಲ್ದಾಣಕ್ಕೆ, ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ, ಪಡಿತರ ಅಂಗಡಿಯ ಬೀದಿಗೆ ಸಿಗಲಿ. ಟೋಕನ್ ಹಿಡಿದು ಮೂರು ಗಂಟೆ ಕೂರುವ ರೋಗಿಯ ಜೊತೆಗಾರರಿಗೆ ಎದುರಿನ ಗೋಡೆ ಏನಾದರೂ ಹೇಳಬೇಕು. ಎರಡು, ಬರೆಯುವ ಮೊದಲು ಆ ಬೀದಿಯವರ ಜೊತೆ ಸಭೆ ಆಗಲಿ. ವಾರ್ಡ್ ಸಮಿತಿ ಇರುವುದು ಇಂಥದ್ದಕ್ಕೇ. ಮೂರು, ಬರೆಸುವ ಹಣದ ಜೊತೆಗೇ ನಿರ್ವಹಣೆಯ ಹಣವನ್ನೂ ಟೆಂಡರಿನಲ್ಲೇ ಬರೆಯಲಿ. ನಾಲ್ಕು, ಕಲಾವಿದರಿಗೆ ಚದರಡಿ ಲೆಕ್ಕದಲ್ಲಿ ಸುಣ್ಣ ಬಳಿಯುವವರ ದರ ಕೊಡದೆ ಕಲಾವಿದರ ಸಂಭಾವನೆ ಕೊಡಲಿ, ಹೆಸರನ್ನು ಓದಲು ಬರುವಷ್ಟು ದೊಡ್ಡದಾಗಿ ಗೋಡೆಯ ಮೇಲೆ ಬರೆಯಲು ಬಿಡಲಿ. ಸುಮಾರು ಏಳೂವರೆ ನೂರು ವರ್ಷದ ಹಿಂದೆ ಮಲ್ಲಿತಮ್ಮನಿಗೆ ಸಿಕ್ಕ ಮರ್ಯಾದೆ ಇಂದಿನ ಬ್ಯಾನರ್ ಕಲಾವಿದನಿಗೂ ಸಿಗಬೇಕು.

ನಮ್ಮ ಪಾಲಿನ ಕೆಲಸವೂ ಇದೆ. ನಿಮ್ಮ ಬೀದಿಯ ಸರ್ಕಾರಿ ಶಾಲೆಯ ಗೋಡೆಯನ್ನು ಒಮ್ಮೆ ನೋಡಿ. ಊರಿನ ಪೇಂಟರ್ ಬರೆದ ಅ, ಆ, ಕರ್ನಾಟಕದ ನಕ್ಷೆ, ರೈಲಿನ ಬೋಗಿಯಂತೆ ಬಣ್ಣ ಬಳಿದ ಕೊಠಡಿಗಳು ಎಷ್ಟೋ ಶಾಲೆಗಳಲ್ಲಿವೆ. ಮಗು ಮೊದಲು ನೋಡುವ ದೊಡ್ಡ ಚಿತ್ರ ಅದೇ ಇರಬಹುದು. ಅದು ಮಾಸಿದ್ದರೆ ಹಳೆಯ ವಿದ್ಯಾರ್ಥಿಗಳು ಸೇರಿ ಅದೇ ಪೇಂಟರನ್ನು ಕರೆಸಿ, ಕೂಲಿ ಕೊಟ್ಟು, ಮಕ್ಕಳ ಕೈಗೂ ಒಂದೊಂದು ಕುಂಚ ಕೊಡಿಸಬಹುದು. ಕಲೆ ಜನರ ಬಳಿಗೆ ಬರಲಿ ಎಂದು ಬಯಸುವವರು ಅದಕ್ಕಾಗಿ ಸರ್ಕಾರದ ದಾರಿ ಕಾಯುತ್ತ ಕೂರಬೇಕಿಲ್ಲ. ತಮ್ಮ ಬೀದಿಯ ಒಂದು ಗೋಡೆಯಿಂದ ಆರಂಭಿಸಿ, ಐದು ವರ್ಷವಾದ ಮೇಲೂ ಅದನ್ನು ನೋಡಿಕೊಂಡರೆ ಸಾಕು.